ಮನೆಗಿಂತ ಮೊದಲು ಏರಿಯಾ: ಬೆಂಗಳೂರಿನಲ್ಲಿ ಬಡಾವಣೆ ಆರಿಸುವುದು ಹೇಗೆ?

ನಿಮ್ಮ ಬಜೆಟ್ 80 ಲಕ್ಷ ಅಂದುಕೊಳ್ಳಿ. ಆ ದುಡ್ಡಿಗೆ ಜೆ.ಪಿ. ನಗರದ ಕಡೆ ಹದಿನೈದು–ಇಪ್ಪತ್ತು ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲಾಟ್ ಸಿಗಬಹುದು. ವೈಟ್‌ಫೀಲ್ಡ್ ದಾಟಿ ಹೋದರೆ ಹೊಸ ಫ್ಲಾಟ್, ಜೊತೆಗೆ ಜಿಮ್, ಈಜುಕೊಳ. ಕೆಂಗೇರಿ ಆಚೆ ಹೋದರೆ ಒಂದು 30×40 ಸೈಟು. ದುಡ್ಡು ಒಂದೇ. ಆದರೂ ಒಬ್ಬರು ಹಳೇ ಫ್ಲಾಟೇ ಸಾಕು ಅನ್ನುತ್ತಾರೆ, ಇನ್ನೊಬ್ಬರು ದೂರವಾದರೂ ಹೊಸದೇ ಬೇಕು ಅನ್ನುತ್ತಾರೆ, ಮತ್ತೊಬ್ಬರಿಗೆ ಭೂಮಿ ಇಲ್ಲದ ಮನೆ ಮನೆಯೇ ಅಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು ರೇಟಿನ ಮಾತು. ಸ್ವಲ್ಪ ಹೊತ್ತು ಮಾತಾಡಿಸಿ ನೋಡಿ. ಅಮ್ಮನ ಮನೆ ಎರಡು ಬೀದಿ ಆಚೆ ಇದೆ. ಮಗಳ ಸ್ಕೂಲು ಬದಲಿಸಬೇಕಾಗಿಲ್ಲ. ಆಫೀಸಿಗೆ ಮೆಟ್ರೋ ಇದೆ. ಅಲ್ಲಿ ಕಾವೇರಿ ನೀರು ಬರುತ್ತದೆ. ನಿಜವಾದ ಕಾರಣಗಳು ಇವು.

ಅಡುಗೆಮನೆ ಇಷ್ಟವಾಗದಿದ್ದರೆ ಒಡೆಸಿ ಬೇರೆ ಕಟ್ಟಿಸಬಹುದು. ನೀರು, ಇಳಿಜಾರು, ಬೀದಿ, ಆಫೀಸಿನ ದೂರ ಇವನ್ನು ಬದಲಿಸೋಕೆ ಆಗಲ್ಲ. ಅದಕ್ಕೇ ನನ್ನ ಮಾತು ಇಷ್ಟು: ಮೊದಲು ಏರಿಯಾ ತೀರ್ಮಾನ ಮಾಡಿ, ಆಮೇಲೆ ಮನೆ ಹುಡುಕಿ. ತುಂಬ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸ್ಯಾಂಪಲ್ ಫ್ಲಾಟ್ ನೋಡಿ ಮನಸೋತು, ಆಮೇಲೆ ಏರಿಯಾದ ಒಂದೊಂದು ಕೊರತೆಗೂ ಸಮಾಧಾನ ಹೇಳಿಕೊಳ್ಳುತ್ತಾರೆ.

1. ಮನೆಯವರ ವಾರವನ್ನು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಯಾರು, ಎಲ್ಲಿಗೆ, ವಾರಕ್ಕೆ ಎಷ್ಟು ಸಲ, ಎಷ್ಟು ಗಂಟೆಗೆ ಹೋಗುತ್ತಾರೆ ಎಂದು ಬರೆಯಿರಿ. ಆಫೀಸು, ಸ್ಕೂಲು, ಟ್ಯೂಷನ್, ಅಪ್ಪನ ಬಿಪಿ ಚೆಕಪ್, ಅಮ್ಮನ ದೇವಸ್ಥಾನ, ಎಲ್ಲ ಇರಲಿ. ಮನೆ ಕೊಳ್ಳುವ ಲೆಕ್ಕದಲ್ಲಿ ಸಾಮಾನ್ಯವಾಗಿ ಸಂಬಳ ತರುವವರ ಆಫೀಸು ಮಾತ್ರ ಇರುತ್ತದೆ. ಆದರೆ ದಿನದ ಹೆಚ್ಚು ಹೊತ್ತು ಮನೆಯಲ್ಲಿ ಇರುವವರು ಬೇರೆಯವರು, ಅಲ್ವಾ? ಅಜ್ಜ–ಅಜ್ಜಿ, ಮಕ್ಕಳು, ಮನೆ ನೋಡಿಕೊಳ್ಳುವವರು. ಅವರ ಓಡಾಟವೂ ಹಾಳೆಯಲ್ಲಿ ಬರಬೇಕು.

ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿ, ಹೆಂಡತಿಗೆ ಮಾನ್ಯತಾ ಟೆಕ್ ಪಾರ್ಕ್ ಅನ್ನುವಂಥ ಮನೆಗಳು ಈಗ ಎಷ್ಟೋ ಇವೆ. ಊರಿನ ಎರಡು ತುದಿ. ಇಂಥವರು ಮ್ಯಾಪ್ ತೆಗೆದು ನಟ್ಟನಡುವೆ ಒಂದು ಏರಿಯಾ ಹುಡುಕುತ್ತಾರೆ. ಹಾಗೆ ಮಾಡಿದರೆ ಇಬ್ಬರೂ ಟ್ರಾಫಿಕ್‌ನಲ್ಲೇ ಇರುತ್ತಾರೆ. ಅದರ ಬದಲು ಒಬ್ಬರ ಆಫೀಸಿಗೆ ಹತ್ತಿರ, ಇನ್ನೊಬ್ಬರಿಗೆ ರೈಲಿನ ದಾರಿ ಇರುವ ಜಾಗ ಒಳ್ಳೆಯದು. ಯಾರ ಕೆಲಸ ಬೇಗ ಬದಲಾಗಬಹುದು ಎಂಬುದನ್ನೂ ಯೋಚಿಸಿ. ಸ್ಕೂಲು ಹತ್ತು–ಹನ್ನೆರಡು ವರ್ಷ ಅಲ್ಲೇ ಇರುತ್ತದೆ, ಆಫೀಸು ಹಾಗಲ್ಲ.

ಊರಿನ ದಾರಿಯನ್ನೂ ಹಾಳೆಯಲ್ಲಿ ಸೇರಿಸಿ. ಮಂಡ್ಯ, ಮೈಸೂರು ಕಡೆಯವರು ಕೆಂಗೇರಿ, ರಾಜರಾಜೇಶ್ವರಿ ನಗರದ ಕಡೆ, ತುಮಕೂರು ದಾರಿಯ ಜಿಲ್ಲೆಗಳವರು ಪೀಣ್ಯ, ದಾಸರಹಳ್ಳಿ ಕಡೆ, ಕೋಲಾರದವರು ಕೆ.ಆರ್. ಪುರದ ಕಡೆ ಮನೆ ಮಾಡಿಕೊಳ್ಳುವುದನ್ನು ನೋಡಿರುತ್ತೀರಿ. ಹಬ್ಬದ ಹಿಂದಿನ ದಿನ ಊರು ದಾಟಿ ಹೊರಗೆ ಬೀಳುವುದಕ್ಕೇ ಎರಡು ಗಂಟೆ ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಊರಲ್ಲಿ ಅಪ್ಪ ಅಮ್ಮ ಇದ್ದಾರೆ ಅಂದರೆ ಇದು ಭಾವನೆಯ ಮಾತಷ್ಟೇ ಅಲ್ಲ. ರಾತ್ರಿ ಫೋನ್ ಬಂದರೆ ಹೊರಡಬೇಕಲ್ಲ.

2. ಆ ಹೊತ್ತಿಗೇ ಆ ದಾರಿಯಲ್ಲಿ ಹೋಗಿ ನೋಡಿ

ಮನೆ ನೋಡುವವರು ಭಾನುವಾರ ಹನ್ನೊಂದು ಗಂಟೆಗೆ ಹೋಗುತ್ತಾರೆ. ಬೆಂಗಳೂರಿನ ರಸ್ತೆ ಅತ್ಯಂತ ಚೆನ್ನಾಗಿ ಕಾಣುವ ಹೊತ್ತು ಅದು. ಸೋಮವಾರ ಬೆಳಗ್ಗೆ ಎಂಟೂವರೆಗೆ ಆ ಮನೆಯಿಂದ ಆಫೀಸಿಗೆ, ಸಂಜೆ ಆರಕ್ಕೆ ಆಫೀಸಿನಿಂದ ಆ ಮನೆಗೆ ಹೋಗಿ. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರ ಇವುಗಳಲ್ಲಿ ಒಂದಾದರೂ ದಾರಿಯಲ್ಲಿ ಸಿಗುತ್ತದೆ ಅಂದರೆ ಈ ಪರೀಕ್ಷೆ ಬಿಡಲೇಬೇಡಿ. ಬ್ರೋಚರ್‌ನಲ್ಲಿ ‘ರಿಂಗ್ ರೋಡಿಗೆ 15 ನಿಮಿಷ’ ಎಂದು ಬರೆದಿದ್ದರೆ ಅದು ಯಾವ ಹೊತ್ತಿನ 15 ನಿಮಿಷ ಎಂದು ಕೇಳಿ.

ಮೆಟ್ರೋ ಬಂದ ಮೇಲೆ ಲೆಕ್ಕ ನಿಜವಾಗಿಯೂ ಬದಲಾಗಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರೋಡ್ ನಡುವೆ ಶುರುವಾದ ರೈಲು ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತದೆ. ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಅನ್ನುವುದು ಹಿಂದೆ ಯೋಚಿಸಲೂ ಆಗದ ಮಾತಾಗಿತ್ತು. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ ಇದೆ. ಹಳದಿ ಮಾರ್ಗ ಆರ್.ವಿ. ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋಗುತ್ತದೆ.

ಆದರೆ ಬರುವ ಮೆಟ್ರೋ ಬೇರೆ, ಬಂದ ಮೆಟ್ರೋ ಬೇರೆ. ಹಳದಿ ಮಾರ್ಗ ಇರುವ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಆ ಮಾರ್ಗದಲ್ಲಿ ಜನ ರೈಲು ಹತ್ತಿದ್ದು 2025ರ ಆಗಸ್ಟ್‌ನಲ್ಲಿ. ಆಗಲೂ ರೈಲುಗಳು ಸಾಲದೆ, 25 ನಿಮಿಷಕ್ಕೆ ಒಂದರಂತೆ ಶುರುವಾಯಿತು. ವೈಟ್‌ಫೀಲ್ಡ್ ಕಡೆ 2023ರ ಮಾರ್ಚ್‌ನಲ್ಲೇ ರೈಲು ಬಂದರೂ, ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ಸುಮಾರು ಎರಡು ಕಿ.ಮೀ. ಕೂಡಿಕೊಂಡಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿಯತನಕ ಜನ ಇಳಿದು ಬಸ್ ಹತ್ತಿ, ಮತ್ತೆ ರೈಲು ಹತ್ತಬೇಕಾಗಿತ್ತು. ಇನ್ನು ಊರಿನ ಹೊರಗೆ ಸುತ್ತುವರಿದು ಬರಬೇಕಾದ ಪೆರಿಫೆರಲ್ ರಿಂಗ್ ರೋಡ್ ಹೆಸರಲ್ಲಿ ಎರಡು ದಶಕದಿಂದ ಸೈಟು ಮಾರುತ್ತಲೇ ಇದ್ದಾರೆ. ಮುಂದೆ ಬರುವ ಯೋಜನೆಗೆ ಇವತ್ತೇ ಜಾಸ್ತಿ ದುಡ್ಡು ಕೊಡುವುದಾದರೆ, ಅದು ಹತ್ತು ವರ್ಷ ತಡವಾದರೂ ಈ ಮನೆಯಲ್ಲಿ ಬದುಕಬಲ್ಲೆವೇ ಎಂದು ಮನೆಯವರನ್ನು ಕೇಳಿಕೊಳ್ಳಿ.

ಸ್ಟೇಷನ್ ಹತ್ತಿರ ಇದ್ದರೂ ನಡೆದು ನೋಡಬೇಕು. ಮ್ಯಾಪಿನಲ್ಲಿ 800 ಮೀಟರ್ ಇರುತ್ತದೆ. ನಡೆಯಲು ಹೋದರೆ ಫುಟ್‌ಪಾತ್ ಇರುವುದಿಲ್ಲ, ಡಬಲ್ ರೋಡ್ ದಾಟಲು ದಾರಿ ಇರುವುದಿಲ್ಲ, ಕೊನೆಗೆ ದಿನಾ ಆಟೋ ಹಿಡಿಯಬೇಕಾಗುತ್ತದೆ.

3. ನೀರು: ಇಲ್ಲಿ ಅವಸರ ಬೇಡ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ಬೆಂಗಳೂರಿನಲ್ಲಿ ಎರಡು ಏರಿಯಾಗಳ ನಡುವೆ ನಿಜವಾದ ವ್ಯತ್ಯಾಸ ತರುವುದು ನೀರು. ಈ ಊರಿಗೆ ಕುಡಿಯುವ ನೀರು ಕೊಡುವ ಸ್ವಂತ ನದಿ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವ ಊರಿಗೆ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ನೀರನ್ನು ಪಂಪ್ ಮಾಡಿ ತರುತ್ತಾರೆ. ಹಳೇ ಬಡಾವಣೆಗಳಿಗೆ ಆ ಪೈಪು ಬಂದು ದಶಕಗಳಾದವು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಮಾತ್ರ ಬಹಳ ವರ್ಷ ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡೇ ಇದ್ದವು. ಅವುಗಳಿಗಾಗಿಯೇ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು.

ಹಾಗಂತ ಆ ಹಳ್ಳಿಗಳ ಎಲ್ಲ ಮನೆಗೂ ನೀರು ಬಂತು ಅಂದುಕೊಳ್ಳಬೇಡಿ. ಬೀದಿಯಲ್ಲಿ ಪೈಪು ಇರುವುದು ಒಂದು, ಕಟ್ಟಡಕ್ಕೆ ಕನೆಕ್ಷನ್ ಇರುವುದು ಇನ್ನೊಂದು, ನಲ್ಲಿಯಲ್ಲಿ ಸಾಕಷ್ಟು ನೀರು ಬರುವುದು ಮತ್ತೊಂದು. ಬ್ರೋಕರ್ ‘ಕಾವೇರಿ ಇದೆ ಸರ್’ ಅಂದರೆ ಈ ಮೂರರಲ್ಲಿ ಯಾವುದು ಎಂದು ಬಿಡಿಸಿ ಕೇಳಿ. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಲು ಹೇಳಿ. ಬಿಲ್ಲಿನಲ್ಲಿ ಎಷ್ಟು ಲೀಟರ್ ಬಳಕೆ ಆಗಿದೆ ನೋಡಿ. ಕನೆಕ್ಷನ್ ಇದ್ದೂ ಬಳಕೆ ತೀರಾ ಕಡಿಮೆ ಇದ್ದರೆ ಉಳಿದ ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಬೇಕಾಗುತ್ತದೆ.

ಅಪಾರ್ಟ್‌ಮೆಂಟ್ ಆದರೆ ಒಂದು ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಸಾಮಾನ್ಯವಾಗಿ ಹಿಡಿಯುವ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. ನೂರು ಮನೆಗೆ 54 ಸಾವಿರ ಲೀಟರ್, ಅಂದರೆ 12 ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ನಾಲ್ಕೂವರೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಐದು ಕಿ.ಮೀ. ಒಳಗೆ ಅಂಥ ಒಂದು ಟ್ಯಾಂಕರ್‌ಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ಆ ಕಟ್ಟಿದ ದರವನ್ನೇ ಹಿಡಿದರೂ ತಿಂಗಳಿಗೆ ಒಂದೊಂದು ಮನೆಗೆ ಸುಮಾರು 1,350 ರೂಪಾಯಿ ಬರೀ ನೀರಿಗೆ. ಬೇಸಿಗೆಯಲ್ಲಿ ಟ್ಯಾಂಕರ್‌ನವರು ಕೇಳುವ ರೇಟು ಇದಕ್ಕಿಂತ ಎಷ್ಟು ಜಾಸ್ತಿ ಎಂದು ಅಲ್ಲಿ ಇರುವವರೇ ಹೇಳುತ್ತಾರೆ. ಮೇಂಟೆನೆನ್ಸ್ ಬಿಲ್ ಕೇಳುವಾಗ ಡಿಸೆಂಬರ್ ತಿಂಗಳದ್ದಲ್ಲ, ಏಪ್ರಿಲ್ ತಿಂಗಳದ್ದು ಕೇಳಿ.

ಇನ್ನೊಂದು ಕೆಲಸ ಮಾಡಿ. ಅಕ್ಕಪಕ್ಕದ ಇಸ್ತ್ರಿ ಅಂಗಡಿಯವರನ್ನು, ದಿನಸಿ ಅಂಗಡಿಯವರನ್ನು, ಸೆಕ್ಯೂರಿಟಿಯವರನ್ನು ಮಾತಾಡಿಸಿ. ‘ಇಲ್ಲಿ ನೀರು ಹೇಗೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ. ‘ಅಣ್ಣ, ನೀರು ಯಾವ ಯಾವ ದಿನ ಬಿಡ್ತಾರೆ? ಎಷ್ಟು ಗಂಟೆಗೆ? ಹೋದ ಏಪ್ರಿಲ್‌ನಲ್ಲಿ ಏನು ಮಾಡಿದ್ರಿ?’ ಎಂದು ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ನೀರು ಕೊಟ್ಟರೂ ತೊಂದರೆ ಇಲ್ಲ, ಸಂಪು ದೊಡ್ಡದಿದ್ದರೆ ಆಯಿತು. ಯಾವ ದಿನ ಅಂತಲೇ ಗೊತ್ತಿಲ್ಲದ ಏರಿಯಾದಲ್ಲಿ ಮನೆಯವರೊಬ್ಬರು ಸದಾ ನಲ್ಲಿ ಕಡೆ ಕಿವಿ ಕೊಟ್ಟು ಕೂರಬೇಕಾಗುತ್ತದೆ. ಆ ಒಬ್ಬರು ಸಾಮಾನ್ಯವಾಗಿ ಮನೆಯ ಹೆಂಗಸರೇ ಆಗಿರುತ್ತಾರೆ ಎಂಬುದನ್ನು ಮರೆಯಬಾರದು.

4. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ?

ಬೆಂಗಳೂರು ದಿಣ್ಣೆ–ಕಣಿವೆಗಳ ಊರು. ಮಳೆನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆ ಹಿಡಿದು ಮುಂದಿನ ಕೆರೆಗೆ. ನಾವು ಕಾಲುವೆ ಮುಚ್ಚಿದ್ದೇವೆ, ನೀರು ಮಾತ್ರ ಹಳೇ ದಾರಿ ಮರೆತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್‌ನಂಥ ಬಡಾವಣೆಗಳಿಂದ ಕೋಟಿಗಟ್ಟಲೆ ಬೆಲೆಯ ಮನೆಗಳವರನ್ನು ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದವು. ದುಬಾರಿ ಏರಿಯಾ ಅಂದ ಮಾತ್ರಕ್ಕೆ ಎತ್ತರದ ಏರಿಯಾ ಅಲ್ಲ.

ಇದನ್ನು ಪತ್ತೆ ಮಾಡಲು ಮೊದಲು ಬೀದಿಯಲ್ಲಿ ನಡೆಯಿರಿ. ಕಾಂಪೌಂಡ್ ಗೋಡೆಗಳನ್ನು ನೋಡಿ. ಮೊಣಕಾಲೆತ್ತರಕ್ಕೆ ಕೆಸರಿನ ಕಂದು ಗೆರೆ ಇರಬಹುದು, ಅಥವಾ ಆ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿರಬಹುದು. ಗೇಟಿನ ಅಡಿಯಲ್ಲಿ ಸಿಮೆಂಟಿನ ಸಣ್ಣ ಒಡ್ಡು ಕಟ್ಟಿದ್ದಾರಾ? ಕರೆಂಟ್ ಮೀಟರ್ ಬೋರ್ಡನ್ನು ಎದೆ ಮಟ್ಟದಿಂದ ಕಿತ್ತು ಮೇಲಕ್ಕೆ ಹಾಕಿದ್ದಾರಾ? ಬೇಸ್‌ಮೆಂಟ್‌ನಲ್ಲಿ ನೀರೆತ್ತುವ ಪಂಪ್ ಸಿದ್ಧವಾಗಿ ಕೂತಿದೆಯಾ? ಹಳೇ ಮನೆಗಳ ಹೊಸ್ತಿಲಿಗಿಂತ ರಸ್ತೆಯೇ ಎತ್ತರವಾಗಿದೆಯಾ? ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಅದರ ಮೇಲೇ ಹಾಕಿದರೆ ಹೀಗಾಗುತ್ತದೆ. ಇವೆಲ್ಲ ಬ್ರೋಕರ್ ಹೇಳದ ಮಾತುಗಳನ್ನು ಹೇಳುತ್ತವೆ.

ಆಮೇಲೆ ಫೋನ್ ತೆಗೆಯಿರಿ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ಉಚಿತ. ಸೈಟಿನಲ್ಲಿ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆ ನಂಬರ್ ಹಿಡಿದು ಹಳೇ ಗ್ರಾಮ ನಕ್ಷೆ ನೋಡಿ. ಅಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲ ಗೆರೆ ಹಾಕಿ ತೋರಿಸಿರುತ್ತಾರೆ. ಪಹಣಿಯಲ್ಲಿ ಖರಾಬಿನ, ಅಂದರೆ ಸಾಗುವಳಿಗೆ ಬಾರದ ಜಾಗದ, ಕಾಲಂ ಇರುತ್ತದೆ. ‘ಬ’ ಖರಾಬು ಎಂದು ಬರೆದಿದ್ದರೆ ಅದು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ಮಾರುವಂತಿಲ್ಲ. ಎಷ್ಟು ಗುಂಟೆ ‘ಬ’ ಖರಾಬು ಇದೆ, ಲೇಔಟ್ ನಕ್ಷೆಯಲ್ಲಿ ಅಷ್ಟು ಜಾಗ ಎಲ್ಲಿ ಬಿಟ್ಟಿದ್ದಾರೆ ಎಂದು ತೋರಿಸಲು ಹೇಳಿ. ನಗರದ 2015ರ ಮಾಸ್ಟರ್ ಪ್ಲಾನ್ ಕೆರೆಯಿಂದ 30 ಮೀಟರ್, ರಾಜಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕು ಎನ್ನುತ್ತದೆ. ಈ ನಿಯಮಗಳು ಕೋರ್ಟು, ಕಾನೂನಿನಲ್ಲಿ ಬದಲಾಗುತ್ತಿರುತ್ತವೆ. ಹಾಗಾಗಿ ಕೊಳ್ಳುವ ಹೊತ್ತಿಗೆ ಯಾವುದು ಜಾರಿಯಲ್ಲಿದೆ ಎಂದು ವಕೀಲರನ್ನು ಕೇಳಿ. ಕಾನೂನು ಎಷ್ಟೇ ಮೀಟರ್ ಅನ್ನಲಿ, ತಗ್ಗಿನ ಜಾಗಕ್ಕೆ ನಾನಂತೂ ಹೋಗಬೇಡಿ ಅನ್ನುತ್ತೇನೆ.

5. ಬಡಾವಣೆಯ ಜಾತಕ

ಒಂದೇ ರಸ್ತೆಯ ಎಡಕ್ಕೆ ಸೈಟಿಗೆ ಒಂದು ರೇಟು, ಬಲಕ್ಕೆ ಅದರ ಅರ್ಧ ಇರುವುದುಂಟು. ಎಡಕ್ಕೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ, ಬಲಕ್ಕೆ ಕಂದಾಯ ಬಡಾವಣೆ. ಬಿಡಿಎ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಚರಂಡಿಗೆ ಮೊದಲೇ ಜಾಗ ಬಿಟ್ಟಿರುತ್ತಾರೆ. ಕಂದಾಯ ಬಡಾವಣೆಯಲ್ಲಿ ಹೊಲವನ್ನು ಸುಮ್ನೆ ತುಂಡು ಮಾಡಿ ಮಾರಿರುತ್ತಾರೆ. ಅಲ್ಲಿ ಹೆಚ್ಚಾಗಿ ಬಿ ಖಾತಾ, ಅಂದರೆ ಸರಿಯಾದ ಅನುಮತಿ ಇಲ್ಲದ ಆಸ್ತಿಗೆ ತೆರಿಗೆ ಕಟ್ಟಿಸಿಕೊಳ್ಳಲು ಪಾಲಿಕೆ ಇಡುವ ಬೇರೆ ದಾಖಲೆ. ಬಿ ಖಾತಾ ಆಸ್ತಿಗೆ ಸಾಲ ಕೊಡಲು ತುಂಬ ಬ್ಯಾಂಕುಗಳು ಹಿಂದೇಟು ಹಾಕುತ್ತವೆ, ಮುಂದೆ ಮಾರುವಾಗ ಕೊಳ್ಳುವವರೂ ಕಡಿಮೆ. ಕಡಿಮೆ ರೇಟಿನ ಗುಟ್ಟು ಇದೇ. ನಗರದಲ್ಲಿ ಈಗ ನೋಂದಣಿಗೆ ಇ–ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಖಾತೆ, ಬೇಕೇ ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ನಿಮ್ಮ ಏರಿಯಾ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಂಡಿರಿ.

ಫ್ಲಾಟ್ ಆದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ, ಮುಗಿಸುವ ದಿನ ಮತ್ತು ದೂರುಗಳನ್ನು ನೋಡಿ. ಕಟ್ಟಿ ಮುಗಿದಿದ್ದರೆ ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಕೇಳಿ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಇಸಿ (ಆಸ್ತಿಯ ಋಣಭಾರ ಪತ್ರ), ಮೂಲಪತ್ರ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಕೊಟ್ಟ ವಕೀಲರಿಗಲ್ಲ.

6. ಸಂಜೆ ಏಳು ಗಂಟೆಗೆ ಒಂದು ಸುತ್ತು

ಗಾಂಧಿ ಬಜಾರ್, ಮಲ್ಲೇಶ್ವರ ಎಂಟನೇ ಕ್ರಾಸ್, ಜಯನಗರ ನಾಲ್ಕನೇ ಬ್ಲಾಕ್ ಸುತ್ತಮುತ್ತ ಇದ್ದವರು ಬೇರೆ ಕಡೆ ಹೋಗಲು ಒಪ್ಪುವುದಿಲ್ಲ. ಯಾಕೆ ಎಂದು ಸಂಜೆ ಹೋದರೆ ತಿಳಿಯುತ್ತದೆ. ಎಪ್ಪತ್ತು ದಾಟಿದವರು ಕೈಚೀಲ ಹಿಡಿದು ಒಬ್ಬರೇ ನಡೆದು ಹೋಗಿ ಸೊಪ್ಪು, ಹೂವು ತರುತ್ತಾರೆ. ಔಷಧಿ ಅಂಗಡಿ, ಬ್ಯಾಂಕು, ದೇವಸ್ಥಾನ ಎಲ್ಲ ನಡಿಗೆಯ ದೂರದಲ್ಲಿ. ಹೊಸ ಏರಿಯಾದಲ್ಲಿ ಇಷ್ಟೆಲ್ಲ ಸಿಗದಿರಬಹುದು. ಆದರೂ ನೋಡಿ: ಬೀದಿದೀಪ ಉರಿಯುತ್ತದೆಯಾ, ಖಾಲಿ ಸೈಟಿನಲ್ಲಿ ಕಸ ಸುಡುತ್ತಾರಾ, ಹಾಲಿನ ಬೂತು ಎಷ್ಟು ದೂರ, ಹೆಣ್ಣುಮಕ್ಕಳು ಕತ್ತಲಾದ ಮೇಲೆ ಒಬ್ಬರೇ ನಡೆಯುತ್ತಿದ್ದಾರಾ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡ ಗುರುತು ಎಂದು ನಂಬುತ್ತೇನೆ.

7. ದುಡ್ಡಿನ ಲೆಕ್ಕ, ಕೊನೆಯ ಎರಡು ಏರಿಯಾ

80 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80, ಅಂದರೆ 64 ಲಕ್ಷ ಸಾಲ ಕೊಡಬಹುದು. ಉಳಿದ 16 ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ. ನೋಂದಣಿ ಶುಲ್ಕವೇ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಎಲ್ಲ ಸೇರಿ ಸುಮಾರು ಶೇ 7.6, ಅಂದರೆ ಇನ್ನೊಂದು 6 ಲಕ್ಷ. ಅಲ್ಲಿಗೆ 22 ಲಕ್ಷ ಕೈಯಲ್ಲಿರಬೇಕು. ಎರಡು ಏರಿಯಾ ಹೋಲಿಸುವಾಗ ಕಂತು ಮಾತ್ರ ನೋಡಬೇಡಿ. ಕಂತು, ಮೇಂಟೆನೆನ್ಸ್, ನೀರು, ಓಡಾಟ, ಸ್ಕೂಲ್ ವ್ಯಾನು ಇಷ್ಟನ್ನೂ ಕೂಡಿ ತಿಂಗಳ ಖರ್ಚು ತೆಗೆಯಿರಿ. ಅಗ್ಗದ ಮನೆ ಎಷ್ಟೋ ಸಲ ಇಲ್ಲೇ ದುಬಾರಿಯಾಗುತ್ತದೆ.

ಇಷ್ಟೆಲ್ಲ ಆದಮೇಲೂ ಎರಡು ಏರಿಯಾ ಉಳಿದರೆ, ಹೊಸದಾಗಿ ಕಾಣುವ ಏರಿಯಾದಲ್ಲಿ 11 ತಿಂಗಳ ಕರಾರಿನಲ್ಲಿ ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಆ ಕರಾರಿನೊಳಗೆ ಬರಲಿ. ಬಾಡಿಗೆ ದುಡ್ಡು ದಂಡ ಅನ್ನುವವರು ಇರುತ್ತಾರೆ. ಇಪ್ಪತ್ತು ವರ್ಷ ಸಾಲ ಕಟ್ಟಬೇಕಾದ ಜಾಗವನ್ನು ಮೊದಲು ಒಂದು ವರ್ಷ ಬಾಳಿ ನೋಡುವುದು ದಂಡ ಹೇಗಾಗುತ್ತದೆ?

ಅದಕ್ಕೂ ಆಗುವುದಿಲ್ಲ, ಈಗಲೇ ಟೋಕನ್ ಕೊಡಬೇಕು ಅಂದರೆ, ಕೊಡುವ ಮೊದಲು ಕಾಗದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ವಕೀಲರು ದಾಖಲೆ ಸರಿಯಿಲ್ಲ ಅಂದರೆ, ಅಥವಾ ಬ್ಯಾಂಕು ಈ ಆಸ್ತಿಗೆ ಸಾಲ ಕೊಡಲು ಒಪ್ಪದಿದ್ದರೆ, ಟೋಕನ್ ಹಣ ಪೂರ್ತಿ ವಾಪಸ್. ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಬೇಕು. ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ, ನಗದು ಬೇಡ. ಈ ಸಾಲು ಬರೆಯಲು ಮಾರುವವರು ಒಪ್ಪದಿದ್ದರೆ ಆ ಮನೆ ಬಿಟ್ಟು, ಅದೇ ಏರಿಯಾದಲ್ಲಿ ಮುಂದಿನ ಮನೆ ನೋಡಿ.